ಕರಾವಳಿಯ ವೈಸ್ ಅಡ್ಮಿರಲ್: ಡೆವನ್ ಕೌಂಟಿಯ ಒಂದು ನೌಕಾ ಅಧಿಕಾರದ ಚರಿತ್ರೆ

ಟ್ಯೂಡರ್ ಮತ್ತು ಸ್ಟುವರ್ಟ್ ಕಾಲದ ಇಂಗ್ಲೆಂಡಿನ ನೌಕಾಬಲದ ಬಗ್ಗೆ ಬರೆದವರು ಹಡಗು, ಫಿರಂಗಿ, ದೊಡ್ಡ ಕಾಳಗಗಳ ಕಡೆಗೇ ಹೆಚ್ಚು ಒಲಿದಿದ್ದಾರೆ. ಆ ಹಡಗುಗಳಿಗೆ ನಾವಿಕರನ್ನು ಊರೂರಿನಿಂದ ಹಿಡಿದು ತಂದವರು ಯಾರು, ದಡಕ್ಕೆ ಬಂದ ಕಡಲ್ಗಳ್ಳನನ್ನು ಬಂಧಿಸುವ ಹೊಣೆ ಯಾರದು, ಒಡೆದ ಹಡಗಿನ ಸರಕು ಯಾರ ಪಾಲು? ಇವಕ್ಕೆ ಉತ್ತರ ಲಂಡನ್ನಿಗಿಂತ ಹೆಚ್ಚಾಗಿ ಕರಾವಳಿಯ ಕೌಂಟಿಗಳಲ್ಲಿ ಸಿಗುತ್ತದೆ. ಅಲ್ಲಿ ಲಾರ್ಡ್ ಹೈ ಅಡ್ಮಿರಲನ ಪ್ರತಿನಿಧಿಯಾಗಿ ಒಬ್ಬ ವೈಸ್ ಅಡ್ಮಿರಲ್ ಇರುತ್ತಿದ್ದ. ಹಡಗುಪಡೆಯನ್ನು ನಡೆಸುವುದು ಅವನ ಕೆಲಸವಾಗಿರಲಿಲ್ಲ. ಅವನು ಸಾಮಾನ್ಯವಾಗಿ ಆ ಸೀಮೆಯ ಭೂಮಾಲೀಕ. ಸಂಬಳವಿಲ್ಲದೆ, ಆದಾಯದ ಪಾಲನ್ನೇ ನಂಬಿ ನಡೆದ ಈ ಅಧಿಕಾರ ದೊರೆಗೆ ಅಗ್ಗವಾಗಿತ್ತು. ಅದರ ನಿಜವಾದ ಬೆಲೆಯನ್ನು ತೆತ್ತವರು ವರ್ತಕರು ಮತ್ತು ನಾವಿಕರು. ಡೆವನ್ ಕೌಂಟಿಯ ಉದಾಹರಣೆಯಿಂದ ಇದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹುದ್ದೆಯ ಮೊದಲ ದಾಖಲೆ 1536ರದು. ಎಂಟನೆಯ ಹೆನ್ರಿಯ ನೌಕಾ ಉಗ್ರಾಣಗಳನ್ನು ನೋಡಿಕೊಳ್ಳುತ್ತಿದ್ದ ವಿಲಿಯಂ ಗಾನ್ಸನ್ ಆ ವರ್ಷ ನಾರ್ಫೋಕ್ ಮತ್ತು ಸಫೋಕ್ ಕರಾವಳಿಗೆ ವೈಸ್ ಅಡ್ಮಿರಲ್ ಆಗಿ ನೇಮಕಗೊಂಡ. ಕಡಲಿನಲ್ಲಿ ನಡೆದ ಅಪರಾಧಗಳನ್ನು ನೆಲದ ಕಾನೂನಿನಂತೆ ಜ್ಯೂರಿಯ ಮುಂದೆ ವಿಚಾರಿಸಬೇಕೆಂಬ ಕಾಯಿದೆಯೂ ಅದೇ ವರ್ಷದ್ದು. ರೋಮ್‌ನೊಡನೆ ಸಂಬಂಧ ಕಡಿದುಕೊಂಡಿದ್ದ ದೊರೆಗೆ ಕರಾವಳಿಯ ಮೇಲೆ ಹಿಡಿತ ಬೇಕಾಗಿತ್ತು. ಆದರೆ ಪ್ರತಿ ಬಂದರಿಗೂ ಸಂಬಳದ ನೌಕರರನ್ನು ಇಡುವ ಶಕ್ತಿ ಖಜಾನೆಗಿರಲಿಲ್ಲ. ಎಲಿಜಬೆತ್ ರಾಣಿಯ ಕಾಲಕ್ಕೆ ಈ ವ್ಯವಸ್ಥೆ ಇಂಗ್ಲೆಂಡ್ ಮತ್ತು ವೇಲ್ಸಿನ ಕರಾವಳಿಯುದ್ದಕ್ಕೂ ಹರಡಿತು.

ವೈಸ್ ಅಡ್ಮಿರಲನ ಕೆಲಸಗಳು ಹಲವು. ಯುದ್ಧ ಬಂದರೆ ನಾವಿಕರನ್ನು ಒತ್ತಾಯದಿಂದ ಸೇರಿಸಬೇಕು. ಒಬ್ಬೊಬ್ಬನ ಕೈಗೂ ಒಂದು ಶಿಲ್ಲಿಂಗ್ ಮುಂಗಡ, ಬಂದರಿನವರೆಗೆ ದಾರಿಖರ್ಚು ಕೊಟ್ಟು ಕಳಿಸಬೇಕು. ಸೆರೆಹಿಡಿದು ತಂದ ಹಡಗು ನ್ಯಾಯವಾಗಿ ಹಿಡಿದದ್ದೇ ಎಂದು ತನಿಖೆ ಮಾಡಬೇಕು. ಕಡಲ್ಗಳ್ಳರ ಸರಕು, ಒಡೆಯರಿಲ್ಲದೆ ತೇಲುವ ಸರಕು, ಹಡಗನ್ನು ಹಗುರಮಾಡಲು ಎಸೆದ ಸರಕು, ಹಿಂದಿರುಗಿ ಬಂದು ಎತ್ತಿಕೊಳ್ಳಲೆಂದು ಗುರುತು ಕಟ್ಟಿ ಮುಳುಗಿಸಿದ ಸರಕು, ಇವೆಲ್ಲ ಅಡ್ಮಿರಲನ ಹಕ್ಕು. ಬಂದ ಲಾಭದಲ್ಲಿ ಅರ್ಧ ಅಡ್ಮಿರಲನಿಗೆ, ಉಳಿದರ್ಧ ವೈಸ್ ಅಡ್ಮಿರಲನಿಗೆ. ಆದರೆ ಅದೇ ಸರಕು ತಾನಾಗಿ ದಡಕ್ಕೆ ಬಂದು ಬಿದ್ದರೆ ಅದು ದೊರೆಯದು, ಇಲ್ಲವೇ ಅಲ್ಲಿನ ಜಮೀನ್ದಾರನದು. ಉಬ್ಬರ ಮತ್ತು ಇಳಿತದ ಗೆರೆಗಳ ನಡುವಿನ ಮರಳಿನ ಮೇಲೆ ಯಾರ ಅಧಿಕಾರ ಎಂಬ ಪ್ರಶ್ನೆ 1601ರಲ್ಲಿ ಸರ್ ಹೆನ್ರಿ ಕಾನ್‌ಸ್ಟಬಲ್ ಮೊಕದ್ದಮೆಯಲ್ಲಿ ನ್ಯಾಯಾಲಯಕ್ಕೆ ಹೋಯಿತು. ನೀರು ಏರಿದ್ದಾಗ ಅಡ್ಮಿರಲನ ಅಧಿಕಾರ, ನೀರು ಇಳಿದಾಗ ನೆಲದ ಕಾನೂನಿನ ಅಧಿಕಾರ ಎಂದು ತೀರ್ಮಾನವಾಯಿತು. ಒಂದೇ ಮರಳಿನ ಮೇಲೆ ದಿನಕ್ಕೆ ಹಲವು ಬಾರಿ ಅಧಿಕಾರ ಬದಲಾಗುವ ಈ ನಿಯಮವನ್ನು ಓದಿದಾಗ, ಕರಾವಳಿಯ ಜಗಳಗಳು ಏಕೆ ಮುಗಿಯುತ್ತಲೇ ಇರಲಿಲ್ಲ ಎಂಬುದು ಚೆನ್ನಾಗಿ ತಿಳಿಯುತ್ತದೆ.

ಅರ್ಧ ಪಾಲು ಸಿಗುವವನಿಗೆ ಕಡಲ್ಗಳ್ಳತನ ಪೂರ್ತಿ ನಿಲ್ಲುವುದು ಲಾಭವಲ್ಲ. ನೆರೆಯ ಡಾರ್ಸೆಟ್‌ನಲ್ಲಿ ಪರ್ಬೆಕ್‌ನ ವೈಸ್ ಅಡ್ಮಿರಲ್ ಆಗಿದ್ದವನು ಎಲಿಜಬೆತ್ತಳ ಆಪ್ತ ಸರ್ ಕ್ರಿಸ್ಟಫರ್ ಹ್ಯಾಟನ್. ಅವನ ಕೈಕೆಳಗಿನ ಫ್ರಾನ್ಸಿಸ್ ಹಾಲಿ ಸ್ಟಡ್‌ಲ್ಯಾಂಡ್ ಕೊಲ್ಲಿಯ ಕಡಲ್ಗಳ್ಳರೊಡನೆ ಬಹಿರಂಗವಾಗಿಯೇ ವ್ಯವಹರಿಸಿದ. 1577ರಲ್ಲಿ ಪ್ರಿವಿ ಕೌನ್ಸಿಲ್ ವೈಸ್ ಅಡ್ಮಿರಲರನ್ನು ನಂಬದೆ ಪ್ರತಿ ಕೌಂಟಿಗೂ ಬೇರೆ ತನಿಖಾ ಆಯೋಗಗಳನ್ನು ನೇಮಿಸಿತು. ಅವುಗಳಲ್ಲೂ ಕೂತವರು ಅದೇ ಮನೆತನಗಳವರು.

ಡೆವನ್‌ನಲ್ಲಿ ಈ ಹುದ್ದೆ 1585ರಲ್ಲಿ ಸರ್ ವಾಲ್ಟರ್ ರಾಲಿಗೆ ಸಿಕ್ಕಿತು. ರಾಲಿ ಹೆಚ್ಚಾಗಿ ಅರಮನೆಯಲ್ಲೇ ಇರುತ್ತಿದ್ದ. ಊರಿನ ಕೆಲಸ ನೋಡಿದವನು ಅವನ ಮಲ ಅಣ್ಣ ಸರ್ ಜಾನ್ ಗಿಲ್ಬರ್ಟ್. 1592ರ ಸೆಪ್ಟೆಂಬರಿನಲ್ಲಿ ಭಾರತದಿಂದ ಲಿಸ್ಬನ್ನಿಗೆ ಹೊರಟಿದ್ದ ಪೋರ್ಚುಗೀಸರ ಭಾರೀ ಹಡಗು ಮಾದ್ರೆ ದೆ ದೆವುಸ್ ಅನ್ನು ಅಜೋರ್ಸ್ ಬಳಿ ಸೆರೆಹಿಡಿದು ಡಾರ್ಟ್‌ಮತ್ ಬಂದರಿಗೆ ತರಲಾಯಿತು. ಅದರ ಹೊಟ್ಟೆಯಲ್ಲಿ ಮೆಣಸು, ಲವಂಗ, ದಾಲ್ಚಿನ್ನಿ, ರೇಷ್ಮೆ, ಮುತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆಯುತ್ತಿದ್ದ ಕಾಲವದು. ನಮ್ಮ ಪಶ್ಚಿಮ ಕರಾವಳಿಯ ಮೆಣಸಿನ ವ್ಯಾಪಾರ ಇಂಗ್ಲೆಂಡಿನ ಒಂದು ಕೌಂಟಿಯ ಆಡಳಿತವನ್ನು ಹೀಗೆ ಪರೀಕ್ಷೆಗೆ ಒಡ್ಡಿತು. ಆ ಪರೀಕ್ಷೆಯಲ್ಲಿ ಆಡಳಿತ ಸೋತಿತು. ನಾವಿಕರು, ಊರವರು, ಲಂಡನ್ನಿನಿಂದ ಓಡಿಬಂದ ವರ್ತಕರು ಸಿಕ್ಕಿದ್ದನ್ನು ದೋಚಿದರು. ಪ್ರಿವಿ ಕೌನ್ಸಿಲ್ ಸದಸ್ಯ ರಾಬರ್ಟ್ ಸೆಸಿಲ್‌ನನ್ನು ತನಿಖೆಗೆ ಅಟ್ಟಬೇಕಾಯಿತು. ಎಕ್ಸಿಟರ್‌ಗೆ ಹೋಗುವ ದಾರಿಯಲ್ಲಿ ಎದುರಾದವರ ಮೈಯಿಂದಲೇ ಕಸ್ತೂರಿಯ ವಾಸನೆ ಬರುತ್ತಿದೆ ಎಂದು ಅವನು ಪತ್ರ ಬರೆದ. ಗುಟ್ಟಾಗಿ ಮದುವೆಯಾದದ್ದಕ್ಕೆ ಲಂಡನ್ ಟವರಿನಲ್ಲಿ ಸೆರೆಯಲ್ಲಿದ್ದ ರಾಲಿಯನ್ನೇ ಕಾವಲಿನೊಂದಿಗೆ ಕಳಿಸಿದ ಮೇಲೆ ನಾವಿಕರು ಒಂದಿಷ್ಟು ತಣ್ಣಗಾದರು. ಲೂಟಿಯಾಗಿ ಉಳಿದ ಸರಕಿನ ಬೆಲೆಯೇ ಸುಮಾರು 1,41,000 ಪೌಂಡ್. ನನ್ನ ದೃಷ್ಟಿಯಲ್ಲಿ ಈ ಪ್ರಸಂಗದ ಮುಖ್ಯ ಅಂಶ ಲೂಟಿಯಲ್ಲ. ಕಾನೂನಿನ ಸನದಿಗೆ ಸಾಧ್ಯವಾಗದ್ದನ್ನು ಸೆರೆಯಾಳಾಗಿದ್ದ ಒಬ್ಬ ವ್ಯಕ್ತಿಯ ಊರ ಬಳಕೆ, ಮಾತಿನ ಬಲ ಸಾಧಿಸಿತು. ಹುದ್ದೆ ನಿಂತದ್ದು ಅಂಥ ವೈಯಕ್ತಿಕ ಪ್ರಭಾವದ ಮೇಲೆ. 1618ರಲ್ಲಿ ಅದೇ ಹುದ್ದೆ ರಾಲಿಯ ಬಂಧು ಸರ್ ಲೂಯಿಸ್ ಸ್ಟಕ್ಲಿಯ ಕೈಗೆ ಬಂದಾಗ, ಗಯಾನಾದಿಂದ ಬರಿಗೈಯಲ್ಲಿ ಮರಳಿದ ರಾಲಿಯನ್ನು ಬಂಧಿಸಿ ಲಂಡನ್ನಿಗೆ ಒಯ್ದವನು ಅವನೇ.

1619ರಲ್ಲಿ ದೊರೆಯ ಆಪ್ತ ಬಕಿಂಗ್‌ಹ್ಯಾಮ್ ಲಾರ್ಡ್ ಹೈ ಅಡ್ಮಿರಲ್ ಆದ. ಆ ವರ್ಷ ಡೆವನ್‌ನ ನಾವಿಕರು, ಮೀನುಗಾರರ ಹೆಸರು ವಯಸ್ಸುಗಳನ್ನು ಊರುವಾರು ಬರೆಸಿದ ಪಟ್ಟಿ ಇಂದಿಗೂ ಉಳಿದಿದೆ. 1582ರ ಎಣಿಕೆ ಕಡಲ ಕಸುಬಿನವರು ಇಂಗ್ಲೆಂಡಿನಲ್ಲಿ 16,000ಕ್ಕೂ ಹೆಚ್ಚು ಎಂದು ತಿಳಿಸಿತ್ತು. ಹೊಸ ಪಟ್ಟಿಯಲ್ಲಿ ಸಂಖ್ಯೆಯ ಹಿಂದಿನ ಮನುಷ್ಯರು ಕಾಣುತ್ತಾರೆ. ಬಡ ಮೀನುಗಾರನ ಹೆಸರು ಸರ್ಕಾರಿ ಕಾಗದಕ್ಕೆ ಏರಿದ್ದು ಅವನನ್ನು ಯುದ್ಧಕ್ಕೆ ಎಳೆಯುವ ಸಲುವಾಗಿ ಎಂಬುದನ್ನು ಆ ಪಟ್ಟಿಗಳನ್ನು ಬಳಸುವ ಸಂಶೋಧಕರು ಮರೆಯಬಾರದು.

ಬಕಿಂಗ್‌ಹ್ಯಾಮ್ 1622ರಲ್ಲಿ ಡೆವನ್‌ಗೆ ನೇಮಿಸಿದ ಸರ್ ಜಾನ್ ಎಲಿಯಟ್ ಕಾರ್ನ್‌ವಾಲಿನ ಸೇಂಟ್ ಜರ್ಮನ್ಸ್‌ನವನು. ಯೌವನದಲ್ಲಿ ಇಬ್ಬರೂ ಫ್ರಾನ್ಸ್‌ನಲ್ಲಿ ಜೊತೆಗೆ ಪ್ರವಾಸ ಮಾಡಿದ್ದರು. 1623ರ ಬೇಸಿಗೆಯಲ್ಲಿ ಜಾನ್ ನಟ್ ಎಂಬ ಹೆಸರಾಂತ ಕಡಲ್ಗಳ್ಳ ಟಾರ್ಬೇ ಕೊಲ್ಲಿಗೆ ಬಂದ. ಎಲಿಯಟ್ ಅವನ ಹಡಗಿಗೇ ಹೋಗಿ ಮಾತಾಡಿದ. 500 ಪೌಂಡ್ ಕೊಟ್ಟು ಶರಣಾದರೆ ಕ್ಷಮಾಪತ್ರ ಕೊಡಿಸುವುದಾಗಿ ಹೇಳಿದ. ಎಲಿಯಟ್ ಕೈಯಲ್ಲಿದ್ದ ಕ್ಷಮಾಪತ್ರದ ಅವಧಿ ಆಗಲೇ ಮುಗಿದಿತ್ತು. ನಟ್ ಬಂಧಿಯಾದ. ಆದರೆ ರಾಜ್ಯ ಕಾರ್ಯದರ್ಶಿ ಸರ್ ಜಾರ್ಜ್ ಕ್ಯಾಲ್ವರ್ಟ್ ನ್ಯೂಫೌಂಡ್‌ಲ್ಯಾಂಡಿನಲ್ಲಿ ವಸಾಹತು ಕಟ್ಟುತ್ತಿದ್ದ. ನಟ್ ಅಲ್ಲಿ ಅವನಿಗೆ ನೆರವಾಗಿದ್ದ. ಎಲಿಯಟ್‌ನ ಬೆನ್ನಿಗೆ ನಿಲ್ಲಬೇಕಿದ್ದ ಬಕಿಂಗ್‌ಹ್ಯಾಮ್ ಆಗ ರಾಜಕುಮಾರ ಚಾರ್ಲ್ಸ್‌ನೊಡನೆ ಮ್ಯಾಡ್ರಿಡ್‌ನಲ್ಲಿದ್ದ. ಕ್ಯಾಲ್ವರ್ಟ್‌ನ ಬೆಂಬಲದಿಂದ ನಟ್‌ಗೆ ಕ್ಷಮೆ ಸಿಕ್ಕಿತು, ಮೇಲೆ 100 ಪೌಂಡ್ ಪರಿಹಾರ. ಅವನನ್ನು ಹಿಡಿದ ವೈಸ್ ಅಡ್ಮಿರಲ್ ಮಾರ್ಷಲ್‌ಸೀ ಸೆರೆಮನೆಗೆ ಹೋದ, ವರ್ಷದ ಕೊನೆಯವರೆಗೂ ಅಲ್ಲಿದ್ದ.

ಎಲಿಯಟ್ ನಿಷ್ಕಳಂಕನಾಗಿದ್ದ ಎಂದು ಹತ್ತೊಂಬತ್ತನೆಯ ಶತಮಾನದ ಜೀವನಚರಿತ್ರೆಕಾರರು ಬಿಂಬಿಸಿದ್ದನ್ನು ನಾನು ಒಪ್ಪುವುದಿಲ್ಲ. 500 ಪೌಂಡಿನ ಚೌಕಾಸಿಯಲ್ಲಿ ಅವನ ಪಾಲೂ ಇತ್ತು. ಆದರೆ ಹುದ್ದೆ ಅವನಿಗೆ ಒಂದು ಅಪರೂಪದ ತಿಳಿವಳಿಕೆಯನ್ನು ಕೊಟ್ಟಿತು. 1625ರಲ್ಲಿ ಕಾದಿಜ್ ದಂಡಯಾತ್ರೆಯಿಂದ ಮರಳಿದ ನಾವಿಕರು ಪ್ಲಿಮತ್ ಬೀದಿಗಳಲ್ಲಿ ಹಸಿವು, ರೋಗದಿಂದ ಸಾಯುವುದನ್ನು ಆ ಸೀಮೆ ಕಣ್ಣಾರೆ ಕಂಡಿತು. ಪ್ಲಿಮತ್‌ಗೆ ತಂದ ಫ್ರೆಂಚ್ ಹಡಗು ಸೇಂಟ್ ಪೀಟರ್‌ನ ಸರಕನ್ನು ಬಕಿಂಗ್‌ಹ್ಯಾಮ್ ಹೇಗೆ ಹಿಡಿದಿಟ್ಟ ಎಂಬುದೂ ಎಲಿಯಟ್‌ಗೆ ಗೊತ್ತಿತ್ತು. 1626ರಲ್ಲಿ ಪಾರ್ಲಿಮೆಂಟಿನಲ್ಲಿ ಬಕಿಂಗ್‌ಹ್ಯಾಮ್ ಮೇಲೆ ಹೊರಿಸಿದ ಆರೋಪಗಳಲ್ಲಿ ಆ ಹಡಗಿನ ವಿಷಯವೂ ಸೇರಿತು. ಬಕಿಂಗ್‌ಹ್ಯಾಮ್‌ನನ್ನು ರೋಮಿನ ಚಕ್ರವರ್ತಿಯ ಕುಖ್ಯಾತ ಆಪ್ತ ಸೆಜಾನಸ್‌ಗೆ ಹೋಲಿಸಿ ಮಾತಾಡಿದ ಎಲಿಯಟ್‌ನನ್ನು ಚಾರ್ಲ್ಸ್ ದೊರೆ ಟವರಿಗೆ ಕಳಿಸಿದ. ಅದೇ ವರ್ಷ ಅವನ ಲೆಕ್ಕಪತ್ರಗಳ ತನಿಖೆ ನಡೆಸಿ ಹುದ್ದೆಯಿಂದ ತೆಗೆಯಲಾಯಿತು. ತನಿಖೆಯ ಹಿಂದಿದ್ದ ಸರ್ ಜೇಮ್ಸ್ ಬ್ಯಾಗ್‌ಗೆ ಡೆವನ್‌ನ ಅಧಿಕಾರದಲ್ಲಿ ಪಾಲು ಸಿಕ್ಕಿತು. ನೌಕಾಪಡೆಯ ಆಹಾರದ ಹಣ ನುಂಗಿದ ಆರೋಪದಲ್ಲಿ ಮುಂದೆ ಸ್ಟಾರ್ ಚೇಂಬರ್ ನ್ಯಾಯಾಲಯದಲ್ಲಿ ನಿಂತವನೂ ಈ ಬ್ಯಾಗನೇ. ಆ ಸೆರೆಯಿಂದ ಹೊರಬಂದರೂ ಮುಂದೆ ಮತ್ತೆ ಬಂಧಿಯಾದ ಎಲಿಯಟ್ 1632ರ ನವೆಂಬರಿನಲ್ಲಿ ಟವರಿನಲ್ಲೇ ತೀರಿಕೊಂಡ. ಶವವನ್ನು ಊರಿಗೆ ಒಯ್ಯಲು ದೊರೆ ಅವನ ಮಗನಿಗೆ ಅನುಮತಿ ಕೊಡಲಿಲ್ಲ.

ಲೆಕ್ಕ ತಪ್ಪಿದ ವೈಸ್ ಅಡ್ಮಿರಲರು ಎಲ್ಲ ಕೌಂಟಿಗಳಲ್ಲೂ ಇದ್ದರು. ಲೆಕ್ಕ ಕೇಳಿಸಿಕೊಂಡವರು ಸಾಮಾನ್ಯವಾಗಿ ಆಶ್ರಯದಾತನನ್ನು ಕಳೆದುಕೊಂಡವರು. ಆದ್ದರಿಂದ ಆ ತನಿಖೆಗಳ ದಾಖಲೆಯನ್ನು ಭ್ರಷ್ಟತೆಯ ಅಳತೆಗೋಲಾಗಿ ಓದುವುದು ತಪ್ಪು. ಅವು ಅರಮನೆಯಲ್ಲಿ ಬಣಗಳು ಏಳುಬೀಳಾದ ಕಥೆಯನ್ನೇ ಹೆಚ್ಚು ಹೇಳುತ್ತವೆ.

ಹದಿನೆಂಟನೆಯ ಶತಮಾನದಲ್ಲಿ ನಾವಿಕರನ್ನು ಸೇರಿಸುವ ಕೆಲಸ ನೌಕಾಪಡೆಯ ಅಧಿಕಾರಿಗಳೇ ನಡೆಸುವ ಪ್ರತ್ಯೇಕ ಸೇವೆಗೆ ಹೋಯಿತು. 1846ರ ಕಾಯಿದೆ ಒಡೆದ ಹಡಗುಗಳ ಸರಕನ್ನು ನೋಡಿಕೊಳ್ಳಲು ಬೇರೆ ಅಧಿಕಾರಿಗಳನ್ನು ನೇಮಿಸಿತು. 1854ರ ಕಾಯಿದೆ ಅವರನ್ನು ಬೋರ್ಡ್ ಆಫ್ ಟ್ರೇಡ್‌ನ ಮೇಲ್ವಿಚಾರಣೆಗೆ ಒಪ್ಪಿಸಿತು. ಅರ್ಧ ಪಾಲಿನ ಆದಾಯ ಕೈತಪ್ಪಿದ ಮೇಲೆ ವೈಸ್ ಅಡ್ಮಿರಲ್ ಹುದ್ದೆ ಶ್ರೀಮಂತ ಮನೆತನಗಳಿಗೆ ಬರಿಯ ಗೌರವದ ಬಿರುದಾಗಿ ಉಳಿಯಿತು.