ಹೊಂಗೆ ಎಣ್ಣೆ: ದೀಪದಿಂದ ಡೀಸೆಲ್‌ವರೆಗೆ

ಕಾವೇರಿ ದಂಡೆಯ ರುದ್ರಪಟ್ಟಣ ಅಂದ್ರೆ ಎಲ್ಲರಿಗೂ ಸಂಗೀತವೇ ನೆನಪಾಗುತ್ತೆ. ಇವತ್ತು ಇದೇ ಸೀಮೆಯ ಇನ್ನೊಂದು ಆಸ್ತಿಯ ಕಥೆ: ಬದುವಿನ ಹೊಂಗೆ ಮರ.

ಕರೆಂಟ್ ಬರೋ ಮೊದಲು ಹಳ್ಳಿಗಳಲ್ಲಿ ಹೊಂಗೆ ಎಣ್ಣೆಯ ದೀಪ ಉರೀತಿತ್ತು. ಸೊಪ್ಪು, ಹಿಂಡಿ ಎರಡೂ ಗೊಬ್ಬರ. ಸೀಮೆಎಣ್ಣೆ ಬಂತು, ಹೊಂಗೆ ಬೀಜ ಮರದಡಿಯಲ್ಲೇ ಉಳೀತು.

ಆದರೆ ಗಿಡದ ಎಣ್ಣೆಯಿಂದ ಎಂಜಿನ್ ಓಡಿಸೋದು ಹೊಸದೇನಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲೇ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ನಮ್ಮ ಜಿಲ್ಲೆಯಲ್ಲಿ ಆ ವಿಚಾರಕ್ಕೆ ಜೀವ ಬಂದದ್ದು 2007ರಲ್ಲಿ. ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಜೈವಿಕ ಇಂಧನ ಪಾರ್ಕ್ ಶುರು ಮಾಡಿತು. ಹೊಂಗೆ, ಬೇವು, ಹಿಪ್ಪೆ, ಸಿಮರೂಬ ನೆಡಿ, ಆದರೆ ಬದುವಿನಲ್ಲಿ. ರಾಗಿ ಹೊಲ ರಾಗಿಗೇ ಇರಲಿ ಅನ್ನೋದು ಅದರ ದಾರಿ.

ಅದೇ ಕಾಲಕ್ಕೆ ದೇಶಕ್ಕೆಲ್ಲ ಜಟ್ರೋಫಾ ಹುಚ್ಚು. ಬರಡು ನೆಲದಲ್ಲಿ ಗಿಡವೇನೋ ಬದುಕಿತು, ಹೇಳಿದಷ್ಟು ಇಳುವರಿ ಬರಲಿಲ್ಲ.

ಈಗ ಲೆಕ್ಕ ನೋಡಿ. ದೇಶ ವರ್ಷಕ್ಕೆ ಸುಡೋ ಡೀಸೆಲ್ ಸುಮಾರು 9 ಕೋಟಿ ಟನ್. 2018ರ ರಾಷ್ಟ್ರೀಯ ನೀತಿಯ ಗುರಿ 2030ಕ್ಕೆ 5% ಬಯೋಡೀಸೆಲ್, ಅಂದರೆ 45 ಲಕ್ಷ ಟನ್. ನಾಲ್ಕು ಕೆಜಿ ಬೀಜಕ್ಕೆ ಒಂದು ಕೆಜಿ ಎಣ್ಣೆ, ಮರಕ್ಕೆ 10 ಕೆಜಿ ಬೀಜ ಅಂತ ಇಟ್ಕೊಂಡರೂ 180 ಕೋಟಿ ಮರ ಬೇಕು! ಅಷ್ಟು ಬದು ಎಲ್ಲಿದೆ? ಬದು ಸಾಲದಿದ್ದಾಗ ಕಣ್ಣು ಬೀಳೋದು ಅನ್ನದ ಹೊಲದ ಮೇಲೆ.

ಹೊಂಗೆ ದೇಶದ ಲಾರಿಗಳನ್ನೆಲ್ಲ ಓಡಿಸಲಾರದು. ಆದರೆ ಊರಿನ ಪಂಪ್‌ಸೆಟ್‌ಗೆ ಒಂದಿಷ್ಟು ಎಣ್ಣೆ, ಗದ್ದೆಗೆ ಹಿಂಡಿ ಕೊಟ್ಟೀತು. ಅದು ಸಣ್ಣದು, ಆದರೆ ಬಾಳಿಕೆ ಬರೋದು.

ನಿಮ್ಮೂರಲ್ಲಿ ಹೊಂಗೆ ಬೀಜ ಈಗಲೂ ಆರಿಸ್ತಾರಾ? ಕಾಮೆಂಟಲ್ಲಿ ತಿಳಿಸಿ.

#ನಮ್ಮಹಾಸನ #ಹೊಂಗೆ #ರುದ್ರಪಟ್ಟಣ