ಐವತ್ತು ರೂಪಾಯಿಯಿಂದ ಇಲ್ಲಿಯವರೆಗೆ

ಗೆಳತಿಯರೇ, ನಾನು ಚಿಕ್ಕವಳಿದ್ದಾಗ ಮುಂಬಯಿಯ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯಲ್ಲೇ ನನ್ನ ಚಿಕ್ಕಮ್ಮ ಮಗನೊಂದಿಗೆ ಇದ್ದರು. ಚಿಕ್ಕಪ್ಪ ಬಿಟ್ಟುಹೋಗಿದ್ದರು. ಮಗುವಿಗೆ ತಿಂಗಳಿಗೆ 75 ರೂಪಾಯಿ ಎಂದು ಕೋರ್ಟು ಗೊತ್ತುಮಾಡಿತ್ತು. ಒಂದು ತಿಂಗಳು ಬಂದರೆ ಮೂರು ತಿಂಗಳು ಇಲ್ಲ. "ಕಾಗದದ ಮೇಲೆ ನನ್ನ ಮಗ ಸಾಹುಕಾರ ಕಣೇ" ಎಂದು ಚಿಕ್ಕಮ್ಮ ನಗುತ್ತಿದ್ದರು.

ಆ ಕಾಗದದ ಚರಿತ್ರೆ ಹಳೆಯದು. ಹೆಂಡತಿ ಮಕ್ಕಳನ್ನು ಸಾಕದವನು ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ಜೀವನಾಂಶ ಕೊಡಬೇಕೆಂದು ಆಜ್ಞೆ ಮಾಡುವ ಅಧಿಕಾರವನ್ನು 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೆಯ ಕಲಮು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತ್ತು. 1955ರಲ್ಲಿ ಮಿತಿ 500ಕ್ಕೇರಿತು. 1973ರ ಸಂಹಿತೆಯ 125ನೆಯ ಕಲಮು ವಿಚ್ಛೇದಿತೆಯರನ್ನೂ ಸೇರಿಸಿಕೊಂಡಿತು, ಆದರೆ ಮಿತಿ ಅಷ್ಟೇ ಉಳಿಯಿತು. ಅದನ್ನು ತೆಗೆದುಹಾಕಿದ್ದು 2001ರಲ್ಲಿ. 2024ರ ಜುಲೈ 1ರಿಂದ ಇದೇ ವಿಷಯ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಲ್ಲಿದೆ.

ಆಜ್ಞೆಯೇನೋ ಆಯಿತು, ವಸೂಲಿ ಮಾಡುವವರು ಯಾರು? ಅಮೆರಿಕದಲ್ಲಿ 1975ರ ಜನವರಿಯಲ್ಲಿ ಅಧ್ಯಕ್ಷ ಫೋರ್ಡ್ ಸಹಿ ಮಾಡಿದ ಕಾನೂನು ಆ ಕೆಲಸವನ್ನು ರಾಜ್ಯಗಳ ಇಲಾಖೆಗಳಿಗೆ ವಹಿಸಿತು. ಅಲ್ಲೂ ಒಂದು ತೊಡಕಿತ್ತು. ಸರ್ಕಾರದ ಸಹಾಯಧನ ಪಡೆಯುವ ತಾಯಿ ಜೀವನಾಂಶದ ಹಕ್ಕನ್ನು ರಾಜ್ಯಕ್ಕೇ ಬರೆದುಕೊಡಬೇಕು. ತಂದೆಯಿಂದ ಬಂದ ಹಣ ಬಹುಪಾಲು ಖಜಾನೆಗೆ ಹೋಗುತ್ತಿತ್ತು. 1984ರ ಕಾನೂನು ತಿಂಗಳ ಮೊದಲ 50 ಡಾಲರನ್ನು ಮನೆಗೆ ಬಿಟ್ಟಿತು. 1996ರಲ್ಲಿ ಆ ಕಡ್ಡಾಯವೂ ಹೋಯಿತು. ಅಲ್ಲೂ ಐವತ್ತರ ಲೆಕ್ಕವೇ!

ನಮ್ಮಲ್ಲಿ ಅಂಥ ಇಲಾಖೆಯಿಲ್ಲ. ಹಣ ಬರದಿದ್ದರೆ ತಾಯಿಯೇ ಮತ್ತೆ ಕೋರ್ಟಿಗೆ ಅರ್ಜಿ ಹಾಕಬೇಕು. ಬಾಕಿ ಉಳಿಸಿದವನಿಗೆ ವಾರಂಟು, ಜೈಲು ಎರಡೂ ಇವೆ. ಆದರೆ ಬಾಕಿ ಬಿದ್ದ ಒಂದು ವರ್ಷದೊಳಗೆ ಅರ್ಜಿ ಹೋಗಬೇಕು. ಇದನ್ನು ಚಿಕ್ಕಮ್ಮನಿಗೆ ಯಾರೂ ಹೇಳಲಿಲ್ಲ. ಅವರು ಹೋಗುವ ಹೊತ್ತಿಗೆ ಎರಡು ವರ್ಷ ದಾಟಿತ್ತು. ಹಳೆಯ ಬಾಕಿ ಕೈತಪ್ಪಿತು. ಆ ವರ್ಷ ತಮ್ಮನ ಶಾಲೆಯ ಫೀಸಿಗೆ ಅವರ ಬಳೆ ಹೋಯಿತು.

ಇಂದು ದಾರಿ ಸ್ವಲ್ಪ ಸುಲಭ. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಕೊಡಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ನಮ್ಮ ಸಂಘದಲ್ಲೂ ಇಂಥ ತಾಯಂದಿರು ಇರಬಹುದು, ಹೇಳಿಕೊಳ್ಳಲು ಸಂಕೋಚಪಡುತ್ತಿರಬಹುದು. ಅವರಿಗೆ ಆ ಒಂದು ವರ್ಷದ ಗಡುವನ್ನು ತಿಳಿಸಿ. ಸಾಧ್ಯವಾದರೆ ಜೊತೆಗೂ ಹೋಗಿ.