ನೂರು ಹಾಳೆ, ಆರು ಕೊಲೆ

ಹೋದ ಆಗಸ್ಟ್‌ನಲ್ಲಿ ಅಮ್ಮ ಊರಿಂದ ಬಂದಾಗ ನನ್ನ ಬಾಡಿಗೆ ಮನೆಯ ಹಾಲ್‌ನಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ನೆಲದ ತುಂಬಾ ಸಾಲು ಸಾಲಾಗಿ ನೂರು ಹಾಳೆ. ಫ್ಯಾನ್ ಹಾಕಿದ್ರೆ ಹಾರುತ್ತೆ ಅಂತ ಕೆಲವದರ ಮೇಲೆ ಒಂದೊಂದು ಚಮಚ ಇಟ್ಟಿದ್ದೆ.

"ಇದೇನೋ ಇದು?"

"ಆಟ ಅಮ್ಮ. ಆರು ಕೊಲೆ ಆಗಿದೆ, ಯಾರು ಮಾಡಿದ್ದು ಅಂತ ಕಂಡುಹಿಡೀಬೇಕು."

"ಯಾರ ಜೊತೆ ಆಡೋದು?"

"ಒಬ್ನೇ."

ಅಮ್ಮ ಏನೂ ಅನ್ನಲಿಲ್ಲ. ಅಮ್ಮ ಏನೂ ಅನ್ನದೇ ಇದ್ರೆ ಮನಸ್ಸಲ್ಲಿ ಏನೋ ಅಂದುಕೊಂಡಿದಾಳೆ ಅಂತಲೇ ಅರ್ಥ.

ಒಬ್ಬನೇ ಆಡೋ ಸ್ಥಿತಿಗೆ ಬಂದಿದ್ದು ಹೇಗೆ ಅಂತ ಮೊದಲು ಹೇಳಿಬಿಡ್ತೀನಿ. ಐದು ಜನ ಇದ್ವಿ, ಶನಿವಾರ ಸಂಜೆ ಸೇರಿ ಬೋರ್ಡ್ ಗೇಮ್ ಆಡೋರು. ಒಬ್ಬ ಟೊರಾಂಟೊಗೆ ಹೋದ. ಇಬ್ಬರಿಗೆ ಮಕ್ಕಳಾದವು. ನಾಲ್ಕನೆಯವನು ಸರ್ಜಾಪುರ ರೋಡ್‌ಗೆ ಮನೆ ಬದಲಾಯಿಸಿದ. ಜಯನಗರದಲ್ಲಿರೋ ನನಗೆ ಅದೂ ಟೊರಾಂಟೊ ಇದ್ದಷ್ಟೇ ದೂರ. ಡಬ್ಬಿಗಳೆಲ್ಲ ವಾರ್ಡ್‌ರೋಬ್ ಮೇಲೆ ಸೇರಿದವು. ಪ್ರತಿ ಡಬ್ಬಿಯ ಪಕ್ಕದಲ್ಲೂ ಎಷ್ಟು ಜನ ಆಡಬಹುದು ಅಂತ ಬರೆದಿರುತ್ತೆ: 3ರಿಂದ 6, 2ರಿಂದ 4. ನಾನು 1 ಅಂತ ಬರೆದಿರೋ ಡಬ್ಬಿ ಹುಡುಕೋಕೆ ಶುರು ಮಾಡಿದೆ.

ಕೊಲೆಯ ಆಟ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ಕ್ಲೂಡೋ. ಅದನ್ನು ಕಟ್ಟಿದವನು ಬರ್ಮಿಂಗ್‌ಹ್ಯಾಮ್‌ನ ಆಂಥನಿ ಪ್ರ್ಯಾಟ್ ಅನ್ನೋ ಸಂಗೀತಗಾರ. ಎರಡನೇ ಮಹಾಯುದ್ಧದ ಹೊತ್ತು, ಅವನಿಗೆ ಕಾರ್ಖಾನೆಯಲ್ಲಿ ಯುದ್ಧದ ಕೆಲಸ. ದೀಪ ಆರಿಸಿ ಮನೆಯೊಳಗೇ ಕೂತಿರಬೇಕಾದ ರಾತ್ರಿಗಳು. ಯುದ್ಧಕ್ಕೆ ಮುಂಚೆ ಗೆಳೆಯರೆಲ್ಲ ಸೇರಿ ಆಡ್ತಿದ್ದ ಕೊಲೆಯಾಟಗಳನ್ನು ನೆನೆಸಿಕೊಂಡು ಒಂದು ಬೋರ್ಡ್ ಗೇಮ್ ಮಾಡಿದ. ಬೋರ್ಡಿನ ಚಿತ್ರ ಬಿಡಿಸಿದ್ದು ಅವನ ಹೆಂಡತಿ ಎಲ್ವಾ. 1944ರ ಡಿಸೆಂಬರ್‌ನಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ್ರೂ ಯುದ್ಧಾನಂತರದ ಸಾಮಾನಿನ ಕೊರತೆಯಿಂದ ಅಂಗಡಿಗೆ ಬಂದಿದ್ದು 1949ರಲ್ಲಿ. ವಿದೇಶಿ ಹಕ್ಕುಗಳನ್ನು ಪ್ರ್ಯಾಟ್ 5,000 ಪೌಂಡಿಗೆ ಬಿಟ್ಟುಕೊಟ್ಟ. ಆಮೇಲೆ ಲೋಕವೆಲ್ಲ ಅದನ್ನು ಆಡಿತು, ದುಡ್ಡು ಮಾತ್ರ ಬೇರೆಯವರಿಗೆ. ನಮ್ಮ ಇಂಡಸ್ಟ್ರಿಯಲ್ಲಿ ಇಂಥ ಕಥೆ ಕೇಳಿ ಕೇಳಿ ಅಭ್ಯಾಸ ಆಗಿದೆ, ಬಿಡಿ.

ಆದ್ರೆ ಕ್ಲೂಡೋ ಒಬ್ಬನೇ ಆಡೋಕೆ ಬರಲ್ಲ. ಎದುರಿಗಿರೋನ ಕೈಯಲ್ಲಿ ಯಾವ ಕಾರ್ಡ್ ಇದೆ ಅನ್ನೋದೇ ಅಲ್ಲಿ ಸಾಕ್ಷಿ. ಎದುರಿಗೆ ಯಾರೂ ಇಲ್ಲ ಅಂದ್ರೆ ಸಾಕ್ಷಿಯೂ ಇಲ್ಲ.

ಒಬ್ಬರೇ ಕೂತು ಬಿಡಿಸೋ ಕೊಲೆಯ ಬೇರು ಇನ್ನೂ ಸ್ವಲ್ಪ ಹಿಂದಿದೆ, 1920 ಮತ್ತು 30ರ ದಶಕದಲ್ಲಿ. ಪತ್ತೇದಾರಿ ಕಾದಂಬರಿ ಆಗ ಓದುಗನಿಗೂ ಲೇಖಕನಿಗೂ ನಡೆಯೋ ಪಂದ್ಯ ಆಗಿತ್ತು. 1929ರಲ್ಲಿ ರೊನಾಲ್ಡ್ ನಾಕ್ಸ್ ಅನ್ನೋ ಪಾದ್ರಿ, ಸುಳಿವುಗಳನ್ನು ಓದುಗರಿಂದ ಮುಚ್ಚಿಡಬಾರದು ಅಂತೆಲ್ಲ ಹತ್ತು ನಿಯಮ ಬರೆದ. ಎಲರಿ ಕ್ವೀನ್ ಕಾದಂಬರಿಗಳಲ್ಲಂತೂ ಕೊನೆಯ ಅಧ್ಯಾಯಗಳಿಗೆ ಮುಂಚೆ ಕಥೆ ನಿಲ್ಲಿಸಿ, ಈಗ ನೀವೇ ಹೇಳಿ ನೋಡೋಣ ಅಂತ ಓದುಗನಿಗೆ ಸವಾಲು ಹಾಕೋರು.

1936ರಲ್ಲಿ ಡೆನಿಸ್ ವೀಟ್ಲಿ ಒಂದು ಹೆಜ್ಜೆ ಮುಂದೆ ಹೋಗಿ ಕಥೆ ಹೇಳೋದನ್ನೇ ಬಿಟ್ಟ. 'ಮರ್ಡರ್ ಆಫ್ ಮಯಾಮಿ' ಪುಸ್ತಕ ಅಲ್ಲ, ಪೊಲೀಸ್ ಫೈಲು. ಟೆಲಿಗ್ರಾಂಗಳು, ವರದಿಗಳು, ಫೋಟೋಗಳು, ಜೊತೆಗೆ ನಿಜವಾದ ಕೂದಲು, ಬೆಂಕಿಕಡ್ಡಿ, ರಕ್ತದ ಕಲೆ ಇರೋ ಪರದೆಯ ತುಂಡು. ಉತ್ತರ ಕೊನೆಯ ಪುಟಗಳಲ್ಲಿ, ಸೀಲ್ ಮಾಡಿ. ಈ ಐಡಿಯಾ ವೀಟ್ಲಿಗೆ ಕೊಟ್ಟವನು ಅವನ ಗೆಳೆಯ ಜೆ. ಜಿ. ಲಿಂಕ್ಸ್, ತುಪ್ಪಳದ ಕೋಟಿನ ವ್ಯಾಪಾರಿ. ಅಷ್ಟು ಸಾಮಾನನ್ನು ಪ್ರತಿಯೊಂದು ಪ್ರತಿಯಲ್ಲೂ ಕೈಯಿಂದ ಕೂರಿಸಬೇಕಲ್ಲ, ಪ್ರಕಾಶಕರ ಪಾಡು ಏನಾಗಿರಬೇಡ. ಆದ್ರೂ ಭರ್ಜರಿಯಾಗಿ ಖರ್ಚಾಗಿ, ಮುಂದೆ ಇನ್ನೂ ಮೂರು ಫೈಲು ಬಂದವು.

ನಾನು ಮೊದಲು ತಂದಿದ್ದು ಮಾತ್ರ 1981ರ 'ಷರ್ಲಾಕ್ ಹೋಮ್ಸ್ ಕನ್ಸಲ್ಟಿಂಗ್ ಡಿಟೆಕ್ಟಿವ್'. ಅದರಲ್ಲಿ ದಾಳ ಇಲ್ಲ, ಕಾಯಿ ಇಲ್ಲ. ಲಂಡನ್ನಿನ ಒಂದು ನಕ್ಷೆ, ಒಂದು ವಿಳಾಸ ಪುಸ್ತಕ, ಪ್ರತಿ ಕೇಸಿನ ದಿನದ ಪತ್ರಿಕೆ, ಅಷ್ಟೆ. ಯಾರನ್ನು ಬೇಕಾದ್ರೂ ಹೋಗಿ ಮಾತಾಡಿಸಬಹುದು. 1985ರಲ್ಲಿ ಜರ್ಮನಿಯ ವರ್ಷದ ಆಟ ಪ್ರಶಸ್ತಿ ಬಂದಿದ್ದು ಇದಕ್ಕೇ. ತಮಾಷೆ ಇರೋದು ಅಂಕದಲ್ಲಿ. ಹೋಮ್ಸ್‌ಗೆ ಯಾವಾಗ್ಲೂ 100. ಅವನಿಗಿಂತ ಹೆಚ್ಚು ಕಡೆ ಅಲೆದರೆ, ಹೆಚ್ಚಿನ ಪ್ರತಿ ಮನೆಗೂ ನಿಮಗೆ 5 ಅಂಕ ಕಟ್. ನಾನು ಮೊದಲ ಕೇಸಿನಲ್ಲಿ ಅವನಿಗಿಂತ 11 ಮನೆ ಹೆಚ್ಚು ಸುತ್ತಿದ್ದೆ. ಆಮೇಲೆ ಹೋಮ್ಸ್ ಬಂದು, ಇಷ್ಟು ಸುಲಭದ್ದಕ್ಕೆ ಇಷ್ಟೊಂದು ಓಡಾಟವೇ ಅನ್ನೋ ಧಾಟಿಯಲ್ಲಿ ವಿವರಿಸ್ತಾನೆ. ನಮ್ಮ ಕೋಡ್ ರಿವ್ಯೂ ಥರಾನೇ. ರಾತ್ರಿ ಹನ್ನೆರಡಕ್ಕೆ ಒಬ್ಬನೇ ಕೂತು ಒಂದು ಪುಸ್ತಕದ ಹತ್ರ ಬೈಸಿಕೊಂಡು ಮಲಗೋದು ಅಂಥ ಚೆನ್ನಾಗಿರೋ ಅನುಭವ ಏನಲ್ಲ. ಹತ್ತೂ ಕೇಸು ಮುಗಿಸಿದೆ.

ಅದಾದ ಮೇಲೆ ಬಂದಿದ್ದು ಅಮ್ಮ ನೋಡಿದ ಆ ನೂರು ಹಾಳೆ, 'ಕೇನ್ಸ್ ಜಾಬೋನ್'. ಕೇನ್ ತನ್ನ ತಮ್ಮನನ್ನು ಕತ್ತೆಯ ದವಡೆ ಮೂಳೆಯಿಂದ ಹೊಡೆದು ಕೊಂದ, ಲೋಕದ ಮೊದಲ ಕೊಲೆಯ ಆಯುಧ ಅದೇ ಅಂತ ಯುರೋಪಿನಲ್ಲಿ ಹಳೆಯ ನಂಬಿಕೆ, ಹೆಸರು ಅಲ್ಲಿಂದ. ಮೊದಲು ಅಚ್ಚಾಗಿದ್ದು 1934ರಲ್ಲಿ, 'ಟಾರ್ಕ್ವಿಮಾಡಾ' ಅನ್ನೋ ಹೆಸರಿನ ಒಗಟುಗಾರನ ಪುಸ್ತಕದ ಕೊನೆಯಲ್ಲಿ. ನೂರು ಪುಟದ ಕೊಲೆ ಕಥೆ, ಪುಟಗಳು ಮಾತ್ರ ಅದಲು ಬದಲು. ಪ್ರತಿ ಪುಟವೂ ಪೂರ್ಣ ವಾಕ್ಯದಲ್ಲೇ ಶುರುವಾಗಿ ಪೂರ್ಣ ವಾಕ್ಯದಲ್ಲೇ ಮುಗಿಯುತ್ತೆ, ಹಾಗಾಗಿ ತುಂಡು ವಾಕ್ಯ ಹಿಡಿದು ಜೋಡಿಸೋ ಹಾಗಿಲ್ಲ. ಸರಿಯಾದ ಕ್ರಮ ಹುಡುಕಿ, ಸತ್ತ ಆರು ಜನ ಯಾರು, ಕೊಂದವರು ಯಾರು ಅಂತ ಹೇಳಬೇಕು.

ಇಂಜಿನಿಯರ್ ಬುದ್ಧಿ ಎಲ್ಲಿ ಹೋಗುತ್ತೆ? ಮೊದಲ ದಿನವೇ ಪೈಥಾನ್‌ನಲ್ಲಿ ಸ್ಕ್ರಿಪ್ಟ್ ಬರೆದೆ. ನೂರು ಪುಟಗಳನ್ನು ಎಷ್ಟು ರೀತಿ ಜೋಡಿಸಬಹುದು ಅನ್ನೋದು 158 ಅಂಕಿಗಳ ಸಂಖ್ಯೆ. ನಮಗೆ ಕಾಣೋ ವಿಶ್ವದಲ್ಲಿರೋ ಪರಮಾಣುಗಳನ್ನೆಲ್ಲ ಎಣಿಸಿದ್ರೂ ಅಂದಾಜು 80 ಅಂಕಿ ದಾಟಲ್ಲ. ಲ್ಯಾಪ್‌ಟಾಪ್ ಮುಚ್ಚಿ ಪೆನ್ಸಿಲ್ ತಗೊಂಡೆ.

ಆ ಕಾಲದಲ್ಲಿ ಇದನ್ನು ಬಿಡಿಸಿದವರು ಇಬ್ಬರೇ. ಒಬ್ಬ ಸ್ಯಾಕ್ಸನ್ ಸಿಡ್ನಿ-ಟರ್ನರ್. ಬ್ರಿಟನ್ನಿನ ಖಜಾನೆ ಇಲಾಖೆಯ ನೌಕರ, ವರ್ಜೀನಿಯಾ ವುಲ್ಫ್ ಬಳಗದವನು, ಮಾತು ತೀರಾ ಕಮ್ಮಿ ಅಂತಲೇ ಹೆಸರಾದವನು. ಉತ್ತರ ಎಲ್ಲೂ ಅಚ್ಚಾಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ಯಾರ್ಕ್‌ಷೈರ್‌ನಲ್ಲಿ ಲಾರೆನ್ಸ್ ಸ್ಟರ್ನ್ ಮನೆಯ ಮ್ಯೂಸಿಯಂ ನಡೆಸೋರು ಉತ್ತರವನ್ನು ಮತ್ತೆ ಪತ್ತೆ ಮಾಡಿ, 2019ರಲ್ಲಿ ಪುಸ್ತಕವನ್ನು ಬಿಡಿ ಹಾಳೆಗಳ ಡಬ್ಬಿಯಾಗಿ ತಂದರು, 1,000 ಪೌಂಡ್ ಬಹುಮಾನ ಇಟ್ಟು. ಅದನ್ನು ಗೆದ್ದಿದ್ದು ಜಾನ್ ಫಿನೆಮೋರ್, ಬಿಬಿಸಿ ರೇಡಿಯೋಗೆ ಹಾಸ್ಯ ಬರೆಯೋನು, 2020ರ ಲಾಕ್‌ಡೌನ್‌ನಲ್ಲಿ ಮನೆಯೊಳಗೆ ಸಿಕ್ಕಿಹಾಕಿಕೊಂಡಾಗ. ಈಗಲೂ ಉತ್ತರ ಗುಟ್ಟು. ಗೂಗಲ್ ಮಾಡಿದ್ರೆ ನಿಮ್ಮ ಥರದವರೇ ಸಿಗ್ತಾರೆ, ಉತ್ತರ ಸಿಗಲ್ಲ.

ಬಿಡಿಸೋಕೆ ಆಗದ ರಾತ್ರಿಗಳಲ್ಲಿ ಬಿಡಿಸೋದು ಬಿಟ್ಟು, ಇದನ್ನು ಬರೆದ ಪುಣ್ಯಾತ್ಮನ ಬಗ್ಗೆ ಓದ್ತಾ ಕೂತೆ. ಟಾರ್ಕ್ವಿಮಾಡಾನ ನಿಜ ಹೆಸರು ಎಡ್ವರ್ಡ್ ಪೋವಿಸ್ ಮ್ಯಾದರ್ಸ್. 1926ರಿಂದ 1939ರಲ್ಲಿ ಸಾಯೋ ತನಕ 'ಅಬ್ಸರ್ವರ್' ಪತ್ರಿಕೆಗೆ ಪದಬಂಧ ಮಾಡಿದ, 600ಕ್ಕೂ ಹೆಚ್ಚು. ಅವನು ಪದ ಆರಿಸಿ ಕೊಟ್ಟರೆ, ಅವನ್ನು ಚೌಕಗಳಲ್ಲಿ ಕೂರಿಸೋ ಕೆಲಸ ಹೆಂಡತಿ ರೋಸಮಂಡ್‌ದು. ಇಲ್ಲಿಗೆ ಬಂದಾಗ ಸ್ವಲ್ಪ ಹೊಟ್ಟೆಕಿಚ್ಚಾಯ್ತು. ಪ್ರ್ಯಾಟ್‌ಗೆ ಎಲ್ವಾ, ವೀಟ್ಲಿಗೆ ಲಿಂಕ್ಸ್, ಇವನಿಗೆ ರೋಸಮಂಡ್. ಇಬ್ಬಿಬ್ಬರು ಸೇರಿ ಒಗಟು ಮಾಡಿಟ್ಟು ಹೋಗಿದಾರೆ, ಒಬ್ಬನೇ ಕೂತು ಒದ್ದಾಡೋನು ನಾನು.

ಆಮೇಲೆ ಇನ್ನೊಂದು ಸಾಲು ಕಂಡಿತು. ಪದಬಂಧಕ್ಕೆ ಬರೋ ಮುಂಚೆ ಮ್ಯಾದರ್ಸ್ ಅನುವಾದಕ. 1919ರಲ್ಲಿ 'ಬ್ಲ್ಯಾಕ್ ಮಾರಿಗೋಲ್ಡ್ಸ್' ಅನ್ನೋ ಕವನ ಪುಸ್ತಕ ತಂದಿದ್ದ. ಮುಂದೆ ಜಾನ್ ಸ್ಟೈನ್‌ಬೆಕ್ 'ಕ್ಯಾನರಿ ರೋ' ಕಾದಂಬರಿಯಲ್ಲಿ ಅದನ್ನೇ ಓದಿಸಿದ. ಮೂಲ ಯಾವುದು ಗೊತ್ತಾ? 'ಚೌರಪಂಚಾಶಿಕಾ', ಬಿಲ್ಹಣ ಬರೆದ ಐವತ್ತು ಸಂಸ್ಕೃತ ಪದ್ಯಗಳು.

ಬಿಲ್ಹಣ ಹೈಸ್ಕೂಲ್ ಇತಿಹಾಸದಲ್ಲಿ ಒಂದು ಅಂಕದ ಪ್ರಶ್ನೆ. ವಿಕ್ರಮಾಂಕದೇವಚರಿತ ಬರೆದವರು ಯಾರು? ಕಾಶ್ಮೀರದ ಹಳ್ಳಿಯಿಂದ ಹೊರಟು ಮಥುರಾ, ಕಾಶಿ, ಗುಜರಾತ್ ಎಲ್ಲ ಸುತ್ತಿ ಕೊನೆಗೆ ಅವನು ನಿಂತಿದ್ದು ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಲ್ಯಾಣದಲ್ಲಿ. ಅಂದ್ರೆ ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅಲ್ಲಿ ಆಸ್ಥಾನ ಕವಿಯಾಗಿದ್ದವನ ಪದ್ಯಗಳನ್ನು ಸುಮಾರು ಎಂಟುನೂರು ವರ್ಷ ಆದ ಮೇಲೆ ಇಂಗ್ಲಿಷಿಗೆ ತಂದವನೇ ನನ್ನ ಹಾಲ್‌ನಲ್ಲಿ ನೂರು ಹಾಳೆ ಚೆಲ್ಲಿದ್ದ.

ಚೌರಪಂಚಾಶಿಕಾಕ್ಕೂ ಒಂದು ಕಥೆ ಅಂಟಿಕೊಂಡಿದೆ. ಇತಿಹಾಸ ಅಲ್ಲ, ದಂತಕಥೆ. ರಾಜಕುಮಾರಿಗೆ ಪಾಠ ಹೇಳೋಕೆ ಬಂದ ಕವಿ ಅವಳನ್ನೇ ಪ್ರೀತಿಸ್ತಾನೆ, ರಾಜನಿಗೆ ಗೊತ್ತಾಗಿ ಮರಣದಂಡನೆ ಆಗುತ್ತೆ, ಸಾವಿಗೆ ಕಾಯ್ತಾ ಅವನು ಅವಳನ್ನು ನೆನೆದು ಐವತ್ತು ಪದ್ಯ ಹೇಳ್ತಾನೆ. ಪ್ರತಿ ಪದ್ಯವೂ 'ಈಗಲೂ' ಅನ್ನೋ ಅರ್ಥದ ಒಂದೇ ಪದದಿಂದ ಶುರು. ಪದ್ಯ ಕೇಳಿ ರಾಜ ಕ್ಷಮಿಸಿದ ಅಂತ ಒಂದು ಕಡೆ ಹೇಳ್ತಾರೆ. ಪದ್ಯಗಳೊಳಗೆ ಆ ಉತ್ತರ ಇಲ್ಲ. ಇನ್ನೂ ಮಜಾ ಅಂದ್ರೆ, ಕಾಶ್ಮೀರದ ಕಡೆಯ ಪ್ರತಿಗಳಲ್ಲಿರೋ ಪದ್ಯಗಳೇ ಬೇರೆ, ದಕ್ಷಿಣದ ಕಡೆಯವೇ ಬೇರೆ, ಕ್ರಮವೂ ಬೇರೆ. ಹಾಳೆ ಅದಲು ಬದಲಾದ ಕಥೆ ಬರೀಬೇಕು ಅಂತ ಮ್ಯಾದರ್ಸ್‌ಗೆ ಹೊಳೆದದ್ದು ಇಲ್ಲಿಂದಲೇ ಅಂತ ಹೇಳೋಕೆ ನನ್ನ ಹತ್ರ ಯಾವ ಪುರಾವೆಯೂ ಇಲ್ಲ. ಆದ್ರೆ ರಾತ್ರಿ ಎರಡು ಗಂಟೆಗೆ ಒಬ್ಬನೇ ಕೂತೋನಿಗೆ ಹಾಗೆ ಅನ್ನಿಸಿದ್ರೆ ತಪ್ಪಿಲ್ಲ. ಯಾರಿಗಾದ್ರೂ ಹೇಳಬೇಕು ಅನ್ನಿಸ್ತು. ಫೋನ್ ತೆಗೆದು ಯಾರಿಗೆ ಅಂತ ಯೋಚಿಸಿ ಮತ್ತೆ ಇಟ್ಟೆ. ಒಳಗೆ ಅಮ್ಮ ಮಲಗಿದ್ದಳು.

ಬೆಳಗ್ಗೆ ಎದ್ದು ನೋಡ್ತೀನಿ, ಹಾಲ್ ಖಾಲಿ! ನೆಲ ಒರೆಸಿ ಫಳಫಳ ಅಂತಿದೆ. ಚಮಚಗಳೆಲ್ಲ ಅಡುಗೆಮನೆಗೆ ಹೋಗಿವೆ.

"ಎಲ್ಲಾ ಚೆಲ್ಲಾಪಿಲ್ಲಿ ಬಿದ್ದಿತ್ತು ಮಾರಾಯ. ಒಂದೂ ಕಳೀದೆ ಜೋಡಿಸಿಟ್ಟಿದೀನಿ ನೋಡು, ನಂಬರ್ ಪ್ರಕಾರ."

ನಂಬರ್ ಪ್ರಕಾರ! ಅಂದ್ರೆ ಅಚ್ಚಾದ ಪುಟಸಂಖ್ಯೆಯ ಪ್ರಕಾರ, ಯಾವುದು ತಪ್ಪು ಅಂತ ಖಚಿತವಾಗಿ ಗೊತ್ತಿದೆಯೋ ಆ ಒಂದೇ ಕ್ರಮದಲ್ಲಿ. ನಾಲ್ಕು ತಿಂಗಳ ಕೆಲಸ. ಮೊದಲ ನಲವತ್ತು ಹಾಳೆಯದ್ದು ಎಕ್ಸೆಲ್‌ನಲ್ಲಿ ಬರೆದಿಟ್ಟಿದ್ದೆ, ಮಿಕ್ಕಿದ್ದು ನೆಲದ ಮೇಲೆ ಮಾತ್ರ ಇತ್ತು. ದಿನಾ ಆಫೀಸಲ್ಲಿ ಜೂನಿಯರ್‌ಗಳಿಗೆ ಬ್ಯಾಕಪ್ ಬಗ್ಗೆ ಭಾಷಣ ಮಾಡೋನು ನಾನು.

ರೇಗಿದೆ, ಸುಳ್ಳು ಹೇಳಲ್ಲ. ಅಮ್ಮ ಸುಮ್ಮನೆ ದೋಸೆ ಹುಯ್ದು ತಂದಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು, "ಅಜ್ಜಿ ಚೆನ್ನೆಮಣೆ ಇಟ್ಕೊಂಡು ಒಬ್ಬಳೇ ಆಡ್ತಿದ್ದಿದ್ದು ನೆನಪಿದೆಯಾ?"

ನೆನಪಿತ್ತು. ಅಜ್ಜ ಹೋದ ಮೇಲಿನ ಮಳೆಗಾಲಗಳು. ಜಗಲಿಯ ಮೂಲೆಯಲ್ಲಿ ಅಜ್ಜಿ, ಹದಿನಾಲ್ಕು ಗುಳಿಯ ಮಣೆ, ಮಂಜೊಟ್ಟಿ ಕಾಳು ಬೀಳೋ ಟಕ ಟಕ ಸದ್ದು. ಅಜ್ಜಿಗೆ ಅರಳುಮರಳು ಅಂತ ನಾವು ಮಕ್ಕಳು ನಗ್ತಿದ್ವಿ. ಅದಕ್ಕೊಂದು ಹೆಸರಿದೆ ಅಂತ ಅಮ್ಮ ಹೇಳಿದ ಮೇಲೆ ಗೊತ್ತಾಯ್ತು: ಸೀತೆ ಆಟ. ಅಶೋಕವನದಲ್ಲಿ ಸೀತೆ ಒಬ್ಬಳೇ ಕೂತು ಆಡಿದ್ದು ಅಂತ ಹೇಳ್ತಾರೆ. ಗುಳಿಯಲ್ಲಿ ಕಾಳು ಇಂಥ ಲೆಕ್ಕದಲ್ಲಿ ತುಂಬಿ ಸುತ್ತು ಹಾಕ್ತಾ ಹೋದ್ರೆ, ಎಷ್ಟೋ ಸುತ್ತಿಗೆ ಮೊದಲಿನ ಹಾಗೇ ಬಂದು ನಿಲ್ಲುತ್ತಂತೆ. ಸೋಲು ಗೆಲುವು ಇಲ್ಲ. ನಾನು 1 ಅಂತ ಬರೆದ ಡಬ್ಬಿಗೆ ಅಷ್ಟು ದುಡ್ಡು ಸುರಿದಿದ್ದೆ, ಅದು ನಮ್ಮ ಅಟ್ಟದ ಮೇಲೇ ಇತ್ತು.

"ಈಗ ಮಣೆ ಎಲ್ಲಿದೆ? ಅಟ್ಟದ ಮೇಲಾ?"

"ಇಲ್ಲ, ಕೆಳಗೇ ಇದೆ." ಅಮ್ಮ ತಟ್ಟೆ ಎತ್ತಿಕೊಂಡಳು. "ನಿನ್ ಅಪ್ಪ ಹೋದ ಮೇಲೆ ನಾನೇ ತೆಗೆದೆ. ಸಂಜೆ ಹೊತ್ತು ಹೋಗಬೇಕಲ್ಲ."

ಅಪ್ಪ ಹೋಗಿ ಮೂರು ವರ್ಷ. ದಿನಾ ರಾತ್ರಿ ಎಂಟಕ್ಕೆ ಫೋನ್ ಮಾಡ್ತೀನಿ. ಊಟ ಆಯ್ತಾ, ಮಳೆ ಬಂತಾ, ಕರೆಂಟ್ ಇದೆಯಾ. ಏನ್ ಮಾಡ್ತಿದ್ದೆ ಅಂತ ಒಂದು ದಿನವೂ ಕೇಳಿರಲಿಲ್ಲ.

ಅವತ್ತು ರಜೆ ಹಾಕಿ ಹಾಳೆಗಳನ್ನು ಮತ್ತೆ ಹರಡಿದೆ. ಅಮ್ಮನೂ ಪಕ್ಕದಲ್ಲಿ ಬಂದು ಕೂತಳು. ಒಂದು ಹಾಳೆಯನ್ನು ನನಗೆ ಬಂದ ಹಾಗೆ ಕನ್ನಡದಲ್ಲಿ ಹೇಳಿದೆ, ಆಮೇಲೆ ಇನ್ನೊಂದು. ಮೂರನೆಯದಕ್ಕೆ ಅಮ್ಮ ತಡೆದಳು.

"ಮೊದಲನೇದು ಹೇಳಿದೋನೇ ಬೇರೆ, ಇವನೇ ಬೇರೆ. ಇವನು ಸುಳ್ಳ."

ನಾನು ಎರಡನ್ನೂ ಒಂದೇ ಸಾಲಲ್ಲಿ ಇಟ್ಟಿದ್ದೆ. ಪೆನ್ಸಿಲ್ ತಗೊಂಡು ಮೂರನೇ ಹಾಳೆಯ ಮೂಲೆಯಲ್ಲಿ 'ಸುಳ್ಳ' ಅಂತ ಬರೆದು, ಎತ್ತಿ ಬೇರೆ ಕಡೆ ಇಟ್ಟೆ.

ಅಮ್ಮ ಸೆಪ್ಟೆಂಬರ್ ಮೊದಲ ವಾರ ಊರಿಗೆ ಹೋದಳು. ಇದುವರೆಗೆ ಅರವತ್ತೆರಡು ಹಾಳೆ ಆಗಿದೆ. ಎಲ್ಲದರ ಫೋಟೋ ತೆಗೆದಿಟ್ಟಿದೀನಿ.